ಓಟ ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡ ಹಾಗಾ?

ನನ್ನ ಬಳಿ ಬಂದಿದ್ದ ಒಬ್ಬ ಮಹಿಳೆಯ ಕಥೆ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ವರ್ಷಗಳಿಂದ ಓಡುತ್ತಾ ಬಂದವರು. ಹಿಂದಿನ ಸಲ 9ನೇ ವಾರದಲ್ಲಿ ಗರ್ಭಪಾತವಾಗಿತ್ತು. ಈಗ ಮತ್ತೆ ಬಸುರಿ, 18 ವಾರ. ವಾರಕ್ಕೆ ಮೂರು ದಿನ ಏದುಸಿರು ಬರುವಷ್ಟು ಜೋರಾಗಿ ಓಡುತ್ತಿದ್ದರು. ಹೇಗಾದರೂ ನಿಲ್ಲಿಸಿ ಎಂದು ಗಂಡನೇ ನನ್ನ ಬಳಿ ಕರೆತಂದಿದ್ದರು.

ಮೊದಲ ಎರಡು ಭೇಟಿ ಬರೀ ವ್ಯಾಯಾಮದ ಮಾತಲ್ಲೇ ಕಳೆಯಿತು. ಗಂಡ ಹೆಂಡತಿಯ ವಾಚಿನಲ್ಲಿ ಎದೆಬಡಿತ ನಿಮಿಷಕ್ಕೆ 140 ದಾಟಿದರೆ ಕೂಗುವ ಅಲಾರಂ ಇಟ್ಟಿದ್ದರು. ಅದು ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ 1985ರಲ್ಲಿ ಹೇಳಿದ್ದ ಮಿತಿ. 1994ರಲ್ಲಿ ಅವರೇ ಅದನ್ನು ಕೈಬಿಟ್ಟರು. ಬಸುರಿಯಲ್ಲಿ ಸುಮ್ನೆ ಕೂತಿದ್ದರೂ ಎದೆಬಡಿತ ಏರಿರುತ್ತದೆ, ಹಾಗಾಗಿ ಎಲ್ಲರಿಗೂ ಒಂದೇ ಅಂಕಿ ಹೊಂದುವುದಿಲ್ಲ. ಇದೆಲ್ಲ ಹೆಂಡತಿಗೆ ಮೊದಲೇ ಗೊತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯನ್ನೂ ಓದಿದ್ದರು: ಬಸುರಿಯರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವ್ಯಾಯಾಮ, ಮೊದಲಿಂದ ಜೋರಾಗಿ ಮಾಡುತ್ತಿದ್ದವರು ಮುಂದುವರಿಸಬಹುದು. ವಾದದಲ್ಲಿ ಅವರೇ ಗೆಲ್ಲುತ್ತಿದ್ದರು. ಆದರೂ ಮುಖದಲ್ಲಿ ಒಂಚೂರೂ ನೆಮ್ಮದಿ ಇರಲಿಲ್ಲ.

ಮೂರನೇ ಸಲ ಒಬ್ಬರೇ ಬಂದರು. “ಓಡುವಾಗ ಖುಷಿ ಆಗುತ್ತಾ?” ಎಂದು ಕೇಳಿದೆ.

ತುಂಬಾ ಹೊತ್ತು ಸುಮ್ಮನಿದ್ದರು. “ಇಲ್ಲ ಮೇಡಂ. ಪ್ರತಿ ಸಲ ಹೆದರಿಕೆ ಆಗುತ್ತೆ. ಮನೆಗೆ ಬಂದ ತಕ್ಷಣ ರಕ್ತ ಹೋಗಿದೆಯಾ ಅಂತ ನೋಡ್ಕೋತೀನಿ.”

“ಮತ್ತೆ ಯಾಕೆ ಓಡ್ತೀರಿ?”

“ಈಗ ನಿಲ್ಲಿಸಿದರೆ, ಅವತ್ತು ನಾನು ಓಡಿದ್ದಕ್ಕೇ ಆ ಮಗು ಹೋಯಿತು ಅಂತ ಒಪ್ಪಿಕೊಂಡ ಹಾಗೆ ಆಗುತ್ತಲ್ವಾ?”

ಆಮೇಲೆ ಅತ್ತರು. ಆ ದಿನ ವ್ಯಾಯಾಮದ ಸುದ್ದಿಯನ್ನೇ ನಾನು ಎತ್ತಲಿಲ್ಲ. ಕಳೆದುಕೊಂಡ ಆ ಮಗುವಿನ ಬಗ್ಗೆ ಮಾತಾಡಿದೆವು. ಗರ್ಭಪಾತದ ಹಿಂದಿನ ದಿನವೂ ಅವರು ಓಡಿದ್ದರು. ಅದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲ ತಿಂಗಳುಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್ ದೋಷವೇ ಕಾರಣ. ಅದು ಓಡಿದ್ದರಿಂದ ಬರುವುದಲ್ಲ. ಇದನ್ನು ನಿಧಾನವಾಗಿ, ಎರಡು ಸಲ ಹೇಳಿದೆ.

“ಓಡಬೇಡಿ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತಲ್ಲ” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಹೇಳಿದ್ದರೆ ಅವರ ತಲೆಯೊಳಗಿನ ಆರೋಪಕ್ಕೆ ನಾನೇ ಸಹಿ ಹಾಕಿದ ಹಾಗೆ ಆಗುತ್ತಿತ್ತು. ಹಾಗಂತ ಓಡಿ ಎಂದೂ ಹೇಳಲಿಲ್ಲ. ಅದು ವೈದ್ಯರು ಹೇಳಬೇಕಾದ ಮಾತು. ಮಾಸು ಕೆಳಗಿದೆಯಾ, ಗರ್ಭಕಂಠ ಗಟ್ಟಿಯಾಗಿದೆಯಾ, ರಕ್ತದೊತ್ತಡ ಹೇಗಿದೆ, ರಕ್ತಹೀನತೆ ಇದೆಯಾ ಎಂದು ನೋಡದೆ ಯಾರೂ ಧೈರ್ಯ ಕೊಡಬಾರದು. ವೈದ್ಯರ ಹತ್ತಿರ ಹಿಂದಿನ ಓಟದ ವಿಷಯವನ್ನೂ ಮುಚ್ಚಿಡದೆ ಹೇಳಿ ಎಂದೆ.

ವೈದ್ಯರು ಒಪ್ಪಿದ ಮೇಲೆ ನಾನು ಕೊಟ್ಟ ಸಲಹೆ ಇಷ್ಟು. ಓಡುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಇಳಿಸಿ. ಪೂರ್ತಿ ಶಕ್ತಿ ಹಾಕುವ ಓಟ ಸದ್ಯಕ್ಕೆ ಬೇಡ. 2012ರಲ್ಲಿ ಒಲಿಂಪಿಕ್ ಮಟ್ಟದ ಆರು ಜನ ಬಸುರಿ ಕ್ರೀಡಾಪಟುಗಳನ್ನು ಪರೀಕ್ಷಿಸಿದ್ದರು. ತಾಯಿಯ ಎದೆಬಡಿತ ಗರಿಷ್ಠದ ಶೇಕಡಾ 90 ದಾಟಿದಾಗ ಮಗುವಿನ ಎದೆಬಡಿತ ಇಳಿದದ್ದು ಕಂಡಿತ್ತು. ಆರೇ ಜನ, ನಿಜ. ಆದರೂ ಆ ಗೆರೆಯ ಹತ್ತಿರ ಹೋಗಿ ಸಾಬೀತು ಮಾಡಬೇಕಾದ್ದು ಏನೂ ಇಲ್ಲ. ಬಿಸಿಲಲ್ಲಿ ಬೇಡ. ರಕ್ತ ಅಥವಾ ನೀರು ಹೋದರೆ, ಹೊಟ್ಟೆ ಹಿಡಿದುಕೊಂಡರೆ, ಎದೆನೋವು, ತಲೆಸುತ್ತು, ಮೀನಖಂಡದಲ್ಲಿ ನೋವು ಅಥವಾ ಊತ ಬಂದರೆ ಅಲ್ಲೇ ನಿಲ್ಲಿಸಿ ಫೋನ್ ಮಾಡಿ. ಮತ್ತೆ, ಹೆದರಿಕೆ ಆದ ದಿನ ಓಡಲೇಬೇಡಿ. ಆ ದಿನ ನಡೆದರೆ ಸಾಕು.

ಈ ಕೊನೆಯ ಮಾತು ಯಾವ ಮಾರ್ಗಸೂಚಿಯಲ್ಲೂ ಇಲ್ಲ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸಿತ್ತು.

ನಾಲ್ಕನೇ ಭೇಟಿಗೆ ಗಂಡನನ್ನೂ ಕರೆಸಿದೆ. ಗರ್ಭಪಾತವಾದ ದಿನ ಆಸ್ಪತ್ರೆಯಿಂದ ಮನೆಗೆ ಬರುವಾಗ ಅವರು “ನಿನ್ನೆ ಸುಮ್ಮನೆ ಮನೇಲಿ ಇರಬೇಕಿತ್ತು” ಎಂದಿದ್ದರಂತೆ. ಹೆಂಡತಿ ಅದನ್ನು ಹೇಳಿದಾಗ ಅವರು ಬೆಚ್ಚಿಬಿದ್ದರು. ಹಾಗೆ ಅಂದದ್ದು ಅವರಿಗೆ ನೆನಪೇ ಇರಲಿಲ್ಲ. ಅಲ್ಲೇ ಹೆಂಡತಿಯ ಕೈಯಿಂದ ವಾಚು ತೆಗೆದುಕೊಂಡು ಅಲಾರಂ ಅಳಿಸಿದರು.