ಕ್ಯಾನನ್ 1500ಡಿ ಇರುವಾಗ ಆರ್50 ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ತಗೊಳ್ಳೋದು ಸರಿನಾ?

ನೀವು ಏನು ಜಾಸ್ತಿ ತೆಗೀತೀರಿ ಅನ್ನೋದು ಮುಖ್ಯ. ಬೆಟ್ಟ, ಕಟ್ಟಡ, ಹೂವು ಇಷ್ಟೇ ಆದರೆ ಬೇಡ. ಎರಡರಲ್ಲೂ ಒಂದೇ ಅಳತೆಯ ಎಪಿಎಸ್-ಸಿ ಸೆನ್ಸರ್ (ಬೆಳಕು ಹಿಡಿಯುವ ಚಿಪ್), ಎರಡೂ 24 ಮೆಗಾಪಿಕ್ಸೆಲ್. ಹಗಲಲ್ಲಿ ತೆಗೆದ ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹುಡುಕೋದೇ ಕಷ್ಟ.

ಓಡಾಡುವ ಮಕ್ಕಳು, ನಾಯಿ, ಬೆಕ್ಕು ಅಂದ್ರೆ ಮಾತೇ ಬೇರೆ. 1500ಡಿ ವ್ಯೂಫೈಂಡರ್‌ನಲ್ಲಿ ಇರೋದು 9 ಫೋಕಸ್ ಪಾಯಿಂಟ್, ಅವೂ ನಡುವೆಯೇ ಗುಂಪಾಗಿವೆ, ಹಾಗಾಗಿ ಮಗು ಫ್ರೇಮಿನ ಅಂಚಿಗೆ ಓಡಿದರೆ ಹಿಂದಿನ ಗೋಡೆ ಸ್ಪಷ್ಟವಾಗಿ ಬರುತ್ತೆ, ಮುಖ ಮಸುಕಾಗುತ್ತೆ. ಆರ್50 ಕಣ್ಣನ್ನೇ ಗುರುತಿಸಿ ಅದರ ಹಿಂದೆ ಹೋಗುತ್ತದೆ, ಸೆಕೆಂಡಿಗೆ 3ರ ಬದಲು 12 ಫೋಟೋ ತೆಗೆಯುತ್ತದೆ. ವಿಡಿಯೋ ಮಾಡುವವರಿಗೆ 4ಕೆ ಕೂಡ ಇದೆ. ಆದರೆ ಅದರ ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದಲ್ಲಿ) ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಇಲ್ಲ, ಬ್ಯಾಟರಿಯೂ ಬೇಗ ಖಾಲಿಯಾಗುತ್ತದೆ. ಹಳೆ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ನಡೆಯುತ್ತವೆ, ಆಟೋಫೋಕಸ್ ಸಮೇತ.

ಮನೆಯೊಳಗೆ ಫೋಟೋ ಕತ್ತಲಾಗುತ್ತೆ ಅನ್ನೋದೊಂದೇ ನಿಮ್ಮ ತೊಂದರೆಯಾದರೆ, ಸುಮ್ನೆ ಬಾಡಿ ಬದಲಿಸಬೇಡಿ. ಒಂದು 50 ಎಂಎಂ ಎಫ್/1.8 ಲೆನ್ಸ್ ತಗೊಳ್ಳಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಜಾಸ್ತಿ ತೆರೆದುಕೊಳ್ಳುತ್ತದೆ). ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಪೂರ್ತಿ ಝೂಮಿನಲ್ಲಿ ಎಫ್/5.6ಕ್ಕೆ ನಿಲ್ಲುತ್ತದೆ. ಅದಕ್ಕಿಂತ ಇದು 9 ಪಟ್ಟಿಗೂ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ.