ಲಾಂಗ್‌ಯಿಯರ್‌ಬೀನ್‌ನಲ್ಲಿ ಚಳಿಗಾಲದ ದಿನಗಳು ಹೇಗಿರುತ್ತವೆ?

ಮೊದಲಿಗೆ, ಅಲ್ಲಿ 'ದಿನ' ಅನ್ನೋದೇ ಇರುವುದಿಲ್ಲ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಈ ಊರು 78 ಡಿಗ್ರಿ ಉತ್ತರದಲ್ಲಿದೆ. ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಫೆಬ್ರವರಿ ಮಧ್ಯದವರೆಗೆ ಮೇಲೇಳುವುದಿಲ್ಲ. ಆದರೂ ಮಕ್ಕಳು ಶಾಲೆಗೆ ಹೋಗುತ್ತಾರೆ, ಅಂಗಡಿ ತೆರೆದಿರುತ್ತದೆ.

ನೆಲದಡಿ ವರ್ಷವಿಡೀ ಮಂಜುಗಡ್ಡೆ. ಅದಕ್ಕೇ ಮನೆಗಳು ಕಂಬಗಳ ಮೇಲೆ ನಿಂತಿವೆ. ಇನ್ನೊಂದು ವಿಷಯ ನಮಗೆ ತುಂಬಾ ಹತ್ತಿರ ಅನ್ನಿಸುತ್ತದೆ: ಹೋಟೆಲಿಗೆ ಹೋದರೂ ಬಾಗಿಲಲ್ಲೇ ಶೂ ಬಿಚ್ಚಿಡಬೇಕು. ಕಲ್ಲಿದ್ದಲು ಗಣಿಯ ಕೆಲಸಗಾರರು ಮಸಿ ಮೆತ್ತಿದ ಬೂಟು ಹೊರಗೇ ಬಿಡುತ್ತಿದ್ದ ಕಾಲದಿಂದ ಬಂದ ಪದ್ಧತಿ ಇದು. ಊರ ಗಡಿ ದಾಟುವಾಗ ಹಿಮಕರಡಿಯ ಭಯಕ್ಕೆ ಬಂದೂಕು ಜೊತೆಗಿಟ್ಟುಕೊಳ್ಳುತ್ತಾರೆ.

ಚಳಿಗಿಂತ ಜನ ಹೆದರುವುದು ಹಿಮಕುಸಿತಕ್ಕೆ. 2015ರ ಡಿಸೆಂಬರ್ 19ರಂದು, ಕ್ರಿಸ್‌ಮಸ್‌ಗೆ ಇನ್ನೇನು ಕೆಲವೇ ದಿನ ಇದ್ದಾಗ, ಬೆಟ್ಟದ ಹಿಮ ಜಾರಿ 11 ಮನೆಗಳ ಮೇಲೆ ಬಿತ್ತು. ಇಬ್ಬರು ಸತ್ತರು, ಅವರಲ್ಲಿ ಒಂದು ಪುಟ್ಟ ಮಗು. ಇಷ್ಟು ಚಿಕ್ಕ ಊರಲ್ಲಿ ಅದು ಎಲ್ಲರ ಮನೆಯ ಸಾವು. ಈಗ ಇಳಿಜಾರಿನಲ್ಲಿ ಹಿಮ ತಡೆಯುವ ಬೇಲಿಗಳಿವೆ. ಇತ್ತೀಚೆಗೆ ನಡುಚಳಿಗಾಲದಲ್ಲೇ ಮಳೆ ಸುರಿಯುವುದೂ ಜಾಸ್ತಿಯಾಗಿದೆ. ಹಾಗಾಗಿ ಹವಾಮಾನವೇ ಅಲ್ಲಿ ದೊಡ್ಡ ಸುದ್ದಿ.

ಬೆಟ್ಟಗಳ ಮರೆಯಿಂದಾಗಿ ಊರೊಳಗೆ ಬಿಸಿಲು ಬೀಳಲು ಮಾರ್ಚ್ 8 ಆಗಬೇಕು. ಅಂದು ಹಳೆಯ ಆಸ್ಪತ್ರೆಯ ಮೆಟ್ಟಿಲುಗಳ ಹತ್ತಿರ ಊರಿಗೆ ಊರೇ ಸೇರುತ್ತದೆ. ಮಕ್ಕಳ ಕೆನ್ನೆಗೆ ಹಳದಿ ಬಣ್ಣ. ಮೊದಲ ಕಿರಣ ಮೆಟ್ಟಿಲು ಮುಟ್ಟುವವರೆಗೂ ಎಲ್ಲರೂ ಸೂರ್ಯನನ್ನು ಕೂಗಿ ಕರೆಯುತ್ತಾರೆ.