ಲೈಪೋಸೋಮಲ್ ಇಂಜೆಕ್ಷನ್ ನಿಜಕ್ಕೂ ಬೇರೆಯೇ? ನ್ಯಾನೋ ಪುಡಿಯಿಂದ ದವಡೆ ಬೆಳೆಯುತ್ತದೆಯೇ?

ನೀವು ಕೇಳಿದ್ದು ಎರಡು ಮಾತು. 2021ರಲ್ಲಿ ನಿಮ್ಮ ಕಾಕಾಗೆ ಬ್ಲ್ಯಾಕ್ ಫಂಗಸ್ ಆದಾಗ ಲೈಪೋಸೋಮಲ್ ಆಂಫೋಟೆರಿಸಿನ್ ಎಂಬ ಫಂಗಸ್ ಕೊಲ್ಲುವ ಇಂಜೆಕ್ಷನ್‌ಗಾಗಿ ಮನೆಮಂದಿಯೆಲ್ಲ ಅಲೆದಿರಿ, ಸಾದಾ ಇಂಜೆಕ್ಷನ್‌ಗಿಂತ ಅದು ನಿಜಕ್ಕೂ ಬೇರೆಯಾ ಅಂತ ಒಂದು. ಆ ರೋಗದಿಂದಾಗಿ ತೆಗೆದುಹಾಕಿದ ಮೇಲ್ದವಡೆಯನ್ನು ನ್ಯಾನೋ ಪುಡಿ ತುಂಬಿ ಬೆಳೆಸುತ್ತೇವೆ ಅಂದವರನ್ನು ನಂಬಬಹುದಾ ಅಂತ ಇನ್ನೊಂದು.

ಆ ವರ್ಷ ನಾನು ಬೆಳಗಾವಿಯ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿದ್ದೆ. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಎಣಿಸಿ ಇದರ ವಯಲ್ (ಔಷಧದ ಸಣ್ಣ ಬಾಟಲಿ) ಹಂಚುತ್ತಿತ್ತು. ಗೋಕಾಕ, ಅಥಣಿ, ಖಾನಾಪುರದಿಂದ ಬಂದವರು ಚೀಟಿ ಹಿಡಿದು ನಮ್ಮ ಕಿಟಕಿ ಮುಂದೆ ರಾತ್ರಿಯೆಲ್ಲ ಕೂತಿರುತ್ತಿದ್ದರು.

ಬೇರೆಯೇ ರೀ. ಒಳಗಿನ ಔಷಧ ಒಂದೇ, ಅದನ್ನು ಹೊತ್ತೊಯ್ಯುವುದು ಬೇರೆ. ಆಂಫೋಟೆರಿಸಿನ್ ಫಂಗಸ್ಸಿನ ಕೋಶದ ಪೊರೆಯಲ್ಲಿರುವ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿಗೆ ಅಂಟಿಕೊಂಡು ಆ ಪೊರೆಯನ್ನೇ ಕೆಡಿಸುತ್ತದೆ. ನಮ್ಮ ಪೊರೆಯಲ್ಲಿರುವ ಕೊಲೆಸ್ಟೆರಾಲ್ ಅದರದೇ ಬಳಗ. ಹೀಗಾಗಿ ಪೆಟ್ಟು ನಮಗೂ ಬೀಳುತ್ತದೆ, ಎಲ್ಲಕ್ಕಿಂತ ಹೆಚ್ಚು ಮೂತ್ರಪಿಂಡಕ್ಕೆ. ಸಾದಾ ಇಂಜೆಕ್ಷನ್ ಹಚ್ಚಿದಾಗ ಮಂಚ ಅಲುಗುವಷ್ಟು ನಡುಗಿದವರನ್ನು ನೋಡಿದ್ದೇನೆ.

ಲೈಪೋಸೋಮ್ ಅಂದರೆ 100 ನ್ಯಾನೋಮೀಟರ್‌ಗಿಂತ ಚಿಕ್ಕ ಕೊಬ್ಬಿನ ಗುಳ್ಳೆ. ಒಂದು ಕೂದಲೆಳೆಯ ಅಗಲದಲ್ಲಿ ಹೆಚ್ಚುಕಡಿಮೆ ಸಾವಿರ ಗುಳ್ಳೆ ಸಾಲಾಗಿ ಕೂಡುತ್ತವೆ. ಕ್ಯಾನ್ಸರಿನ ಔಷಧ ಡಾಕ್ಸೋರುಬಿಸಿನ್ ಇಂಥ ಗುಳ್ಳೆಯೊಳಗೆ ಹೋಳಿಗೆಯ ಹೂರಣದಂತೆ ಇರುತ್ತದೆ. ಅದರ ಈ ಗುಳ್ಳೆಯ ರೂಪಕ್ಕೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿತು. ಆಂಫೋಟೆರಿಸಿನ್ ಹಾಗಲ್ಲ, ಅದು ಕಣಕದಲ್ಲೇ ಬೆರೆತಿರುತ್ತದೆ. ಗುಳ್ಳೆಯ ಗೋಡೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಫಂಗಸ್ ಹತ್ತಿರ ಬಿಡುವುದರಿಂದ ಮೂತ್ರಪಿಂಡಕ್ಕೆ ತಗಲುವ ಪಾಲು ಕಡಿಮೆ. ಪೂರ್ತಿ ಇಲ್ಲವೆಂದಲ್ಲ, ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುವುದು), ಪೊಟ್ಯಾಸಿಯಂ ನೋಡುತ್ತಲೇ ಇರಬೇಕು.

ಲೈಪೋಸೋಮಲ್ ವಯಲ್‌ನಲ್ಲಿ ಹಳದಿ ಪುಡಿ ಇರುತ್ತದೆ. ಅದಕ್ಕೆ 12 ಮಿ.ಲೀ. ಸ್ಟೆರೈಲ್ ನೀರು ಹಾಕಿ 30 ಸೆಕೆಂಡ್ ಜೋರಾಗಿ ಅಲ್ಲಾಡಿಸಬೇಕು. ಮುಂದೆ ಡೆಕ್ಸ್‌ಟ್ರೋಸ್‌ (ಗ್ಲೂಕೋಸ್ ನೀರು)ನಲ್ಲೇ ಬೆರೆಸಬೇಕು, ಸಲೈನ್‌ (ಉಪ್ಪು ನೀರು)ನಲ್ಲಿ ಅಲ್ಲ; ಸಲೈನ್ ಕೂಡಿದರೆ ಔಷಧ ತಳ ಕಟ್ಟುತ್ತದೆ.

ಒಂದು ರಾತ್ರಿ ಬಂದ ಚೀಟಿಯಲ್ಲಿ "ಆಂಫೋಟೆರಿಸಿನ್ 300 ಮಿ.ಗ್ರಾಂ" ಅಂತಷ್ಟೇ ಬರೆದಿತ್ತು. ಲೈಪೋಸೋಮಲ್ ಆಗಿದ್ದರೆ ಸರಿ: ಕೆ.ಜಿ.ಗೆ 5 ಮಿ.ಗ್ರಾಂ ಲೆಕ್ಕ, 60 ಕೆ.ಜಿ. ಆಳಿಗೆ ದಿನಕ್ಕೆ 50 ಮಿ.ಗ್ರಾಂನ ಆರು ವಯಲ್. ಆದರೆ ಆ ಹೊತ್ತಿಗೆ ಕಪಾಟಿನಲ್ಲಿ ಉಳಿದಿದ್ದು ಸಾದಾ ಮಾತ್ರ. ಅದು ಎಷ್ಟೇ ಆದರೂ ಕೆ.ಜಿ.ಗೆ ಒಂದೂವರೆ ಮಿ.ಗ್ರಾಂ ದಾಟಬಾರದು, ಅಂದರೆ ಅದೇ ಆಳಿಗೆ 90. ಮುನ್ನೂರು ಹೋಗಿದ್ದರೆ ಹೃದಯವೇ ನಿಲ್ಲಬಹುದಿತ್ತು. ವಯಲ್ ತೆಗೆಯುವ ಮೊದಲೇ ವಾರ್ಡಿಗೆ ಫೋನ್ ಹಚ್ಚಿದೆ, ಡಾಕ್ಟರು ಬಂದು ಚೀಟಿ ತಿದ್ದಿದರು. ಆಮೇಲೆ ಯಾರ ಚೀಟಿ ಬಂದರೂ ಲೈಪೋಸೋಮಲ್ಲೋ ಸಾದಾನೋ ಎಂಬ ಆ ಒಂದು ಪದ ಇದೆಯಾ ಅಂತ ನೋಡದೆ ನಾನು ಕಪಾಟು ತೆರೆದಿಲ್ಲ.

ಕಾಕಾಗೆ ನಡುವೆ ಕೆಲವು ದಿನ ಸಾದಾ ಹಚ್ಚಿದ್ದರೆ ಅದನ್ನು ಮೋಸ ಅಂತ ತಿಳಿಯಬೇಡಿ. ಮೊದಲು ಸಲೈನ್ ಬೇರೆಯಾಗಿ ಕೊಟ್ಟು, ಆಮೇಲೆ ನಿಧಾನವಾಗಿ ಇದನ್ನು ಹಚ್ಚಿ ಎಷ್ಟೋ ಜನರನ್ನು ಉಳಿಸಿದ್ದಾರೆ.

ಇನ್ನು ದವಡೆ. ನಮ್ಮ ಮೂಳೆಯೇ ಕೊಲಾಜೆನ್ ನಾರಿನಲ್ಲಿ ಹೆಣೆದ ನ್ಯಾನೋ ಗಾತ್ರದ ಖನಿಜದ ಹರಳು. ಅದಕ್ಕೇ ಅಂಥದೇ ಖನಿಜವಾದ ನ್ಯಾನೋ ಹೈಡ್ರಾಕ್ಸಿಅಪಟೈಟ್ ಪುಡಿಯನ್ನು ಮೂಳೆ ಕೋಶಗಳು ತಮ್ಮದೆಂದೇ ಹಿಡಿದುಕೊಳ್ಳುತ್ತವೆ. ಹಲ್ಲಿನ ಬುಡದ ಸಣ್ಣ ತಗ್ಗು ತುಂಬಲು ಅದು ಒಳ್ಳೆಯದು. ಇಡೀ ಮೇಲ್ದವಡೆಯ ಮಾತು ಬೇರೆ. ಜೀವಕೋಶಕ್ಕೆ 0.1ರಿಂದ 0.2 ಮಿ.ಮೀ. ಒಳಗೆ ರಕ್ತನಾಳ ಬೇಕು, ಇಲ್ಲದಿದ್ದರೆ ಅದು ಸಾಯುತ್ತದೆ. ಬೆರಳು ತೂರುವಷ್ಟು ದೊಡ್ಡ ಖಾಲಿ ಜಾಗದ ನಡುವಿಗೆ ಪುಡಿ ತಾನಾಗಿ ರಕ್ತ ತರುವುದಿಲ್ಲ. ಅದಕ್ಕೇ ಶಸ್ತ್ರಚಿಕಿತ್ಸಕರು ಕಾಲಿನ ಫಿಬುಲಾ ಮೂಳೆಯನ್ನು ಅದರ ರಕ್ತನಾಳದ ಸಮೇತ ತಂದು ಕುತ್ತಿಗೆಯ ನಾಳಕ್ಕೆ ಹೊಲಿಯುತ್ತಾರೆ.

ಹಣ ಕೊಡುವ ಮೊದಲು ಪುಡಿ ತುಂಬುತ್ತೇವೆ ಅಂದವರನ್ನು ಕೇಳಿ: "ಇಷ್ಟು ದೊಡ್ಡ ಜಾಗಕ್ಕೆ ರಕ್ತ ಎಲ್ಲಿಂದ ತರುತ್ತೀರಿ?" ಶುಗರ್ ಎಷ್ಟಿದೆ ಅಂತಲೂ ಅವರು ಕೇಳದಿದ್ದರೆ ಅಲ್ಲಿಂದ ಎದ್ದು ಬನ್ನಿ. ಕಾಕಾ ನೀರು ಕುಡಿದರೆ ಮೂಗಿನಲ್ಲಿ ಬರುತ್ತಿದ್ದರೆ, ಮೊದಲು ಕೃತಕ ದಂತದ ತಜ್ಞರ ಹತ್ತಿರ ಆಬ್ಚುರೇಟರ್ ಮಾಡಿಸಿ. ಅಂಗುಳಿನ ತೂತು ಮುಚ್ಚುವ, ಹಲ್ಲುಸೆಟ್ಟಿನಂಥ ತಟ್ಟೆ ಅದು. ಹಾಕಿಕೊಂಡರೆ ಊಟ, ಮಾತು ಎರಡೂ ಬಹಳಷ್ಟು ಸುಧಾರಿಸುತ್ತವೆ.